ಏಳನೇ ಹಾಸಿಗೆಯ ಕರಡಿಗೆ

ಮೂತ್ರದ ಚೀಲ ಬದಲಿಸಲು ಬಗ್ಗಿದಾಗ ಮೊದಲು ಕಂಡದ್ದು ಬೇಡಿ. ಒಂದು ಬಳೆ ಮುದುಕರ ಎಡಗೈಗೆ, ಇನ್ನೊಂದು ಮಂಚದ ಕಂಬಿಗೆ. ಬಲಗೈಯಲ್ಲಿ ಡ್ರಿಪ್ಪಿನ ಸೂಜಿ ಇದ್ದುದರಿಂದ ಎಡಗೈಗೆ ಹಾಕಿದ್ದರು.

ಜೈಲಿನಿಂದ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಆಸ್ಪತ್ರೆಯಲ್ಲಿ ಅಟೆಂಡರ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಗಂಡಸರ ವಾರ್ಡಿನಲ್ಲಿ ಬಾಗಿಲ ಪಕ್ಕದ ಏಳನೇ ಹಾಸಿಗೆ ಅವರಿಗೇ ಮೀಸಲು. ಕಿಟಕಿ ದೂರ, ಪೊಲೀಸರ ಕುರ್ಚಿ ಹಾಕಲು ಜಾಗ ಇದೆ. ಅಲ್ಲಿ ಮಲಗಿದವರ ಹೆಸರು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ‘ಏಳಕ್ಕೆ ಗಂಜಿ’, ‘ಏಳಕ್ಕೆ ಬೆಡ್‌ಶೀಟ್’ ಅಷ್ಟೇ. ಏನು ಮಾಡಿ ಜೈಲಿಗೆ ಹೋದರು ಎಂದೂ ಕೇಳುವುದಿಲ್ಲ. ಗೊತ್ತಾದರೆ ಕೈ ಹಿಂಜರಿಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಳೆಯ ಆಯಾ ಹೇಳಿಕೊಟ್ಟಿದ್ದಳು.

ಮೂತ್ರದ ಅಳತೆ ಬರೆಯಲು ಮಂಚದ ಕಾಲಕಡೆ ನೇತುಹಾಕಿದ್ದ ಕಾಗದ ತೆಗೆದೆ. ನಾನು ಓದಿದ್ದು ಐದನೇ ಕ್ಲಾಸು. ಬೆರಳಿಟ್ಟು ಓದುತ್ತೇನೆ. ಬೆರಳು ಅಳತೆಯ ಜಾಗ ಹುಡುಕುತ್ತಾ ಮೇಲಕ್ಕೆ ಹೋಯಿತು. ತಂದೆಯ ಹೆಸರು ಬರೆಯುವ ಕಡೆ ನನ್ನ ಅಪ್ಪನ ಹೆಸರಿತ್ತು.

ಆಮೇಲೆ ಮುಖ ನೋಡಿದೆ. ಆ ಮುಖ ಕಂಡು ಹದಿನಾರು ವರ್ಷವಾಗಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು, ಮೂಗಿನಲ್ಲಿ ಆಕ್ಸಿಜನ್ ನಳಿಗೆ. ಮಲಗಲಾಗದೆ ಮೂರು ದಿಂಬಿಗೆ ಒರಗಿ ಕೂತಿದ್ದ. ಪ್ರತಿ ಉಸಿರಿಗೂ ಕತ್ತಿನ ನರ ಎದ್ದು ಇಳಿಯುತ್ತಿತ್ತು. ನನ್ನ ಅಣ್ಣ. ಕಣ್ಣು ತೆರೆದ, ನನ್ನ ಮೇಲೆ ಸ್ವಲ್ಪ ಹೊತ್ತು ಇಟ್ಟ, ಮುಚ್ಚಿದ. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡೆ. ಅಳತೆ ಬರೆಯುವಾಗ ಪೆನ್ನು ಕಾಗದವನ್ನು ತೂತು ಮಾಡಿತು.

ಅವನಿಗೆ ಕಾಯಿಲೆ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಜೈಲಿನಿಂದ ಕಾಗದ ಬಂದಿತ್ತು. ಊರಿನ ಅಂಚೆಯವರು ನನ್ನ ಬಾಡಿಗೆ ಮನೆಯ ವಿಳಾಸ ಬರೆದು ದಾಟಿಸಿದ್ದರು. ಕೈದಿಗೆ ಎಪ್ಪತ್ತೆರಡು ವರ್ಷ, ಶ್ವಾಸಕೋಶ ಹಾಳಾಗಿದೆ, ಹೃದಯಕ್ಕೂ ಶಕ್ತಿಯಿಲ್ಲ. ಅವಧಿಗೆ ಮುಂಚೆ ಬಿಡುವ ವಿಚಾರ ಇದೆ. ಮನೆಯವರು ಯಾರಾದರೂ ಕರೆದುಕೊಂಡು ಹೋಗಿ ನೋಡಿಕೊಳ್ಳುತ್ತೇವೆಂದು ಬರೆದುಕೊಡಬೇಕು. ಎರಡು ಸಲ ಓದಿದೆ. ಮಡಚಿ ಅಕ್ಕಿ ಡಬ್ಬದ ತಳಕ್ಕೆ ಹಾಕಿದೆ. ಮೇಲೆ ಅಕ್ಕಿ ಸುರಿದೆ.

ಹೆದರಿ ಹಾಗೆ ಮಾಡಿದೆ. ಯಾರಿಗೆ ಹೆದರಿದೆ ಎಂದು ಹೇಳಬೇಕು. ಕೊಡ್ಲಿಪೇಟೆ ಹತ್ತಿರದ ನಮ್ಮೂರಲ್ಲಿ, ತೋಟದ ಬೇಲಿಯ ಒಂದು ಸಿಲ್ವರ್ ಓಕ್ ಮರದ ಜಗಳದಲ್ಲಿ ಅಣ್ಣ ಪಕ್ಕದ ತೋಟದವರನ್ನು ಕತ್ತಿಯಿಂದ ಕಡಿದ. ಅವರು ಅಲ್ಲೇ ತೀರಿಕೊಂಡರು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲಲ್ಲಿ, ಆಗಿನ್ನೂ ಮೀಸೆ ಮೂಡುತ್ತಿದ್ದ ಅವರ ಮಗ ನನ್ನ ಹತ್ತಿರ ಬಂದು, “ಅವ್ನು ಊರಿಗೆ ಕಾಲಿಟ್ಟ ದಿನ ನಿಮ್ಮನೆ ದೀಪ ಆರ್ತದೆ, ನೆನಪಿಟ್ಕಳಿ,” ಎಂದ. ಕೂಗಿ ಹೇಳಿದ್ದರೆ ಮರೆಯುತ್ತಿದ್ದೆನೋ ಏನೋ. ಮೆಲ್ಲಗೆ ಹೇಳಿದ. ಗಂಡ ಸತ್ತ ಮೇಲೆ ನಾನು ಊರು ಬಿಟ್ಟು ಬಂದೆ. ಮಗಳನ್ನು ಸೋಮವಾರಪೇಟೆಗೆ ಕೊಡುವಾಗ ಬೀಗರ ಹತ್ತಿರ ನನಗೆ ಅಣ್ಣತಮ್ಮಂದಿರಿಲ್ಲ ಎಂದೆ. ಆಸ್ಪತ್ರೆಯಲ್ಲಿ ಹಾಸನದ ಕಡೆಯವಳು ಎಂದೆ. ಜೈಲಿನ ಕಾಗದದಲ್ಲಿ ನನ್ನ ಹೆಸರಿತ್ತು, ಆದರೆ ವಾರ್ಡಿನಲ್ಲಿ ಯಾರಿಗೂ ನನ್ನ ಹೆಸರು ಬೇಕಿರಲಿಲ್ಲ. ಎಲ್ಲರಿಗೂ ನಾನು ಅಕ್ಕ, ಕೇರಳದ ನರ್ಸಮ್ಮನಿಗೆ ಚೇಚಿ.

ಬಿಡುಗಡೆಯ ಕಾಗದ ಬಂದರೆ ಊರಿಗೆ ಹತ್ತಿರವಿರಲಿ ಎಂದು ಅವನನ್ನು ದೊಡ್ಡ ಜೈಲಿನಿಂದ ನಮ್ಮ ಜಿಲ್ಲೆಯ ಜೈಲಿಗೆ ಕಳಿಸಿದ್ದರಂತೆ. ಕಾಗದ ಬರಲಿಲ್ಲ, ಉಸಿರಾಟ ಕೆಟ್ಟಿತು, ಏಳನೇ ಹಾಸಿಗೆಗೆ ಬಂದ. ಇದನ್ನು ಹೇಳಿದ್ದು ಹಗಲಿನ ಕಾವಲಿಗೆ ಬರುತ್ತಿದ್ದ ಪೊಲೀಸಪ್ಪ. ಸಂಪಾಜೆ ಕಡೆಯವರು, ಹೊಟ್ಟೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು.

“ತಂಗಿ ಒಬ್ಳಿದ್ದಾಳಂತೆ ಅಕ್ಕಾ. ಕಾಗದ ಹಾಕಿದ್ರೆ ಉತ್ತರವೇ ಇಲ್ಲ. ಎಂತ ಜನ ಮಾರಾಯ್ರೆ! ನಮ್ಮನೆ ನಾಯಿ ಕಾಣೆಯಾದ್ರೆ ನಾವು ಮೂರು ದಿನ ಹುಡುಕ್ತೇವೆ.”

“ಅವ್ಳಿಗೆ ಏನು ಕಷ್ಟವೋ,” ಎಂದೆ.

“ಕಷ್ಟ ಯಾರಿಗಿಲ್ಲ? ನಂಗೆ ಈ ಕುರ್ಚಿಯೇ ಕಷ್ಟ. ಕೂತ್ರೆ ಏಳ್ಲಿಕ್ಕಾಗುದಿಲ್ಲ, ಎದ್ರೆ ಕೂರ್ಲಿಕ್ಕಾಗುದಿಲ್ಲ.”

ಏಳನೇ ಹಾಸಿಗೆಯ ಕೆಲಸ ಹೀಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನ ಕೆಳಗೆ ಆಗಲೇ ಎರಡು ರೂಪಾಯಿ ನಾಣ್ಯದಗಲ ಹುಣ್ಣಾಗಿತ್ತು. ಮಗ್ಗುಲು ಬದಲಿಸಬೇಕಾದರೆ ಬೇಡಿ ಬಿಚ್ಚಬೇಕು, ಬೀಗದ ಕೈ ಪೊಲೀಸಪ್ಪನ ಸೊಂಟದಲ್ಲಿ. ಅವರು ಚಹಾಕ್ಕೆ ಹೋದರೆ ಹೋದಷ್ಟು ಹೊತ್ತು ಕಾಯಬೇಕು. ಬೇಡಿಯ ಕೆಳಗೆ ಚರ್ಮ ತೆಳುವಾಗಿ ಕೆಂಪಗಾಗಿತ್ತು. ಗಾಜ್ ಬಟ್ಟೆ ನಾಲ್ಕು ಮಡಿಕೆ ಮಾಡಿ ಒಳಕ್ಕೆ ತೂರಿಸುತ್ತಿದ್ದೆ. ಗೋಡೆಯ ಆಕ್ಸಿಜನ್ ಪೈಪು ರಿಪೇರಿಗೆ ಬಂದಿದ್ದರಿಂದ ಆ ವಾರ ಸಿಲಿಂಡರ್ ಇಟ್ಟಿದ್ದರು. ನೀರಿನ ಬಾಟಲಿಯಲ್ಲಿ ಕುದಿಸಿ ಆರಿಸಿದ ನೀರು ಗೆರೆಯವರೆಗೆ ಇರಬೇಕು, ಗುಳ್ಳೆ ಏಳುತ್ತಿರಬೇಕು. ಗಾಳಿಯ ಅಳತೆ ತೋರಿಸುವ ಗುಂಡು ಎರಡರ ಗೆರೆ ದಾಟಬಾರದು. ಇಂಥ ಎದೆಗೆ ಹೆಚ್ಚು ಕೊಟ್ಟರೂ ಅಪಾಯ ಎಂದು ಡಾಕ್ಟರು ಹೇಳಿದ್ದರು. ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮುಳ್ಳು ಕೆಂಪಿಗೆ ಬರುವ ಮೊದಲೇ ಹೊಸ ಸಿಲಿಂಡರ್ ಉರುಳಿಸಿ ತರಬೇಕು. ಮುಳ್ಳು ನೋಡುವುದು ನನ್ನ ಕೆಲಸ.

ಎರಡನೇ ದಿನ ಮೈ ಒರೆಸುವಾಗ ಅಣ್ಣ ಮಾತಾಡಿದ. ಒಂದು ಮಾತಿಗೆ ಎರಡು ಉಸಿರು.

“ನಿಮ್ದು ಯಾವೂರಾಯ್ತವ್ವ?”

ಪೊಲೀಸಪ್ಪ ಪಕ್ಕದಲ್ಲೇ ಇದ್ದರು.

“ಹಾಸನದ ಕಡೆ,” ಎಂದೆ.

ಅವನು ತಲೆಯಾಡಿಸಿದ. “ಒಳ್ಳೆ ಊರು,” ಎಂದ.

ನನ್ನನ್ನು ಗುರುತಿಸಿಲ್ಲ ಎಂದುಕೊಂಡು ಧೈರ್ಯ ತಂದುಕೊಂಡೆ. ಆ ಧೈರ್ಯ ಮಾರನೇ ದಿನ ಮಧ್ಯಾಹ್ನದವರೆಗೆ ಉಳಿಯಿತು. ಗಂಜಿ ಕುಡಿಸುತ್ತಿದ್ದೆ, ಮಾಸ್ಕು ಗಲ್ಲಕ್ಕೆ ಜಾರಿತ್ತು. ಪೊಲೀಸಪ್ಪ ನಮ್ಮಿಬ್ಬರನ್ನೂ ನೋಡಿ ನಕ್ಕರು.

“ಅಜ್ಜಾ, ನಿಮ್ಮಿಬ್ರ ಮೂಗು ಒಂದೇ ಅಚ್ಚು ನೋಡಿ! ಅಕ್ಕ ನಿಮ್ಗೆ ಎಂತಾದ್ರೂ ಆಗ್ಬೇಕಾ?”

ನನ್ನ ಕೈಯ ಚಮಚ ನಿಂತಿತು. ಅಣ್ಣ ಬಾಯಲ್ಲಿದ್ದ ಗಂಜಿ ನುಂಗಿದ. ಅವಸರ ಮಾಡಲಿಲ್ಲ.

“ಅವ್ರು ಹಾಸನದೋರು ಕಣಪ್ಪ,” ಎಂದ. “ನಂಗ್ಯಾರೂ ಇಲ್ಲ.”

ಆಗ ಗೊತ್ತಾಯಿತು. ಮೊದಲ ದಿನವೇ ಅವನಿಗೆ ಗೊತ್ತಿತ್ತು.

ಅಂದು ಸಂಜೆ ಅವನು ಪೊಲೀಸಪ್ಪನ ಹತ್ತಿರ ಒಂದೇ ಒಂದು ವಸ್ತು ಕೇಳಿದ. “ನನ್ ಕರಡಿಗೆ ಬೇಕಾಗಿತ್ತು. ತಂಗಿ ತಾವ ಐತೆ. ಕಾಗ್ದ ಹಾಕಾಗುತ್ತಾ?”

ನಾವು ಲಿಂಗವಂತರು. ಚಿಕ್ಕಂದಿನಲ್ಲಿ ಕಟ್ಟಿದ ಲಿಂಗವನ್ನು ಕರಡಿಗೆಯಲ್ಲಿಟ್ಟು ಸಾಯುವವರೆಗೆ ಮೈಮೇಲೆ ಧರಿಸುತ್ತೇವೆ. ದಿನಾ ಎಡಗೈಯಲ್ಲಿಟ್ಟು ಪೂಜೆ. ಸತ್ತಾಗ ಅದೇ ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಒಬ್ಬರ ಲಿಂಗ ಇನ್ನೊಬ್ಬರಿಗೆ ಆಗುವುದಿಲ್ಲ. ಮೈಮೇಲೆ ಲಿಂಗವಿಲ್ಲದವನು ಬದುಕಿದ್ದೂ ಸತ್ತಂತೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅಣ್ಣನನ್ನು ಹಿಡಿದುಕೊಂಡು ಹೋದಾಗ ಅವನ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಮನೆಗೆ ಕೊಟ್ಟಿದ್ದರು. ಅದರಲ್ಲಿ ಬೆಳ್ಳಿಯ ಕರಡಿಗೆಯೂ ಇತ್ತು. ಮುಚ್ಚಳದ ಕೀಲು ಮುರಿದು ತಾಮ್ರದ ತಂತಿ ಸುತ್ತಿದ್ದ ಕರಡಿಗೆ. ಅವ್ವ ಇರುವವರೆಗೆ ತನ್ನದರ ಜೊತೆ ಅದಕ್ಕೂ ನೀರು, ವಿಭೂತಿ, ಹೂವು.

ಅವ್ವ ಸತ್ತ ದಿನ ಸ್ಟೇಷನ್ನಿನಿಂದ ಫೋನು ಬಂತು. ಮಗನನ್ನು ಮಣ್ಣಿಗೆ ಕರೆತರಬಹುದೇ, ಊರಲ್ಲಿ ಗಲಾಟೆ ಆಗುತ್ತದೆಯೇ ಎಂದು ಕೇಳಿದರು. ಬೇಲಿಯಾಚೆ ಪಕ್ಕದ ತೋಟದ ಮಗ ನಿಂತಿದ್ದ. “ಬೇಡ, ಕರ್ಕಂಡ್ ಬರಬೇಡಿ,” ಎಂದೆ. ಗುಂಡಿಯಲ್ಲಿ ಅವ್ವನನ್ನು ಕೂರಿಸಿದ ಮೇಲೆ ಅಯ್ಯನವರು, “ಇದು ಯಾರ್ದವ್ವ?” ಎಂದು ಎರಡನೇ ಕರಡಿಗೆ ತೋರಿಸಿದರು. ಎಲ್ಲರೂ ನನ್ನನ್ನೇ ನೋಡಿದರು. “ಅದನ್ನೂ ಅವ್ವನ ಜೊತೆಗೇ ಇಟ್ಬಿಡಿ,” ಎಂದೆ. ಅಯ್ಯನವರು ಒಂದು ಕ್ಷಣ ತಡೆದು ಇಟ್ಟರು. ಬದುಕಿದ್ದವನ ಲಿಂಗ ಮಣ್ಣಿಗೆ ಹೋಯಿತು. ಬೇಲಿಯಾಚೆ ನಿಂತವನು ಅದನ್ನು ನೋಡಿ ಮನೆಗೆ ಹೋದ. ನನಗೆ ಬೇಕಾದ್ದು ಅದೇ ಆಗಿತ್ತು.

ಈಗ ಅಣ್ಣ ಅದನ್ನು ಕೇಳುತ್ತಿದ್ದ. ಪೊಲೀಸಪ್ಪ ಜೈಲಿಗೆ ಹೇಳುತ್ತೇನೆ ಎಂದರು. ನಾನು ಬಕೆಟ್ ಎತ್ತಿಕೊಂಡು ಹೊರಗೆ ಹೋದೆ.

ಐದನೇ ದಿನ ಹನ್ನೊಂದು ಗಂಟೆಗೆ ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ಹೊಸ ಸಿಲಿಂಡರ್ ತರಲು ಹೊರಟೆ. ವರಾಂಡದ ತುದಿಯಲ್ಲಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ಫ್ಲಾಸ್ಕು ಹಿಡಿದು ನಿಂತಿದ್ದ. ದಪ್ಪಗಾಗಿದ್ದ, ತಲೆ ಮುಂದೆ ಬೋಳಾಗಿತ್ತು. ಆದರೂ ಅವನು ಪಕ್ಕದ ತೋಟದ ಮಗನೇ. ಅವನು ಈ ಕಡೆ ತಿರುಗುವ ಮೊದಲು ನಾನು ಬಟ್ಟೆ ಕೋಣೆಯೊಳಗೆ ನುಗ್ಗಿ ಚಿಲಕ ಹಾಕಿದೆ.

ಅವನಿಗೆ ಯಾರೋ ಹೇಳಿದ್ದಾರೆ, ಅದಕ್ಕೇ ಬಂದಿದ್ದಾನೆ, ಏಳನೇ ಹಾಸಿಗೆ ಬಾಗಿಲ ಪಕ್ಕವೇ ಇದೆ ಎಂದು ಲೆಕ್ಕ ಹಾಕಿದೆ. ಒಮ್ಮೆ ಚಿಲಕ ತೆಗೆದೆ. ವರಾಂಡದಲ್ಲಿ ಅವನ ಕೆಮ್ಮು ಕೇಳಿಸಿತು, ಮತ್ತೆ ಹಾಕಿದೆ. ಒಗೆದ ಬೆಡ್‌ಶೀಟುಗಳ ರಾಶಿಯಲ್ಲಿ ಮುಖವಿಟ್ಟು ಕೂತೆ. ಮುಳ್ಳು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಪೊಲೀಸಪ್ಪ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಆ ಹೊತ್ತಿಗೆ ಅವರು ಚಹಾಕ್ಕೆ ಹೋಗುತ್ತಾರೆ ಎಂದೂ ನನಗೆ ಗೊತ್ತಿತ್ತು.

ನರ್ಸಮ್ಮನ ಕೂಗು ಕೇಳಿ ಓಡಿದೆ. ಬಾಟಲಿಯಲ್ಲಿ ಗುಳ್ಳೆ ಇರಲಿಲ್ಲ. ಅಣ್ಣನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೇಡಿಯ ಕೈಯನ್ನು ಎಳೆದೂ ಎಳೆದೂ ಮಣಿಕಟ್ಟಿನ ಚರ್ಮ ಸುಲಿದು ಗಾಜ್ ಬಟ್ಟೆ ಕೆಂಪಾಗಿತ್ತು. ಕರೆಯುವ ಗಂಟೆಯ ಗುಂಡಿ ಅವನ ಎಡಕ್ಕೆ ಒಂದು ಮೊಳ ದೂರದಲ್ಲಿತ್ತು. ನರ್ಸಮ್ಮ ಪಕ್ಕದ ಹಾಸಿಗೆಯ ಸಿಲಿಂಡರನ್ನೇ ಎಳೆದು ತಂದು ಹಾಕಿದಳು. ಅರ್ಧ ಗಂಟೆ ಹಿಡಿಯಿತು, ಉಸಿರು ಹಿಡಿತಕ್ಕೆ ಬರಲು.

“ಎಲ್ಲಿ ಹೋಗಿದ್ದು ಎಲ್ಲಾರೂ? ಆಳು ಚತ್ತು ಹೋಗ್ತಿತ್ತಲ್ಲಾ!” ಎಂದು ಅವಳು ಕಿರುಚಿದಳು. ಸಿಟ್ಟು ಬಂದರೆ ಅವಳ ಕನ್ನಡದೊಳಗೆ ಮಲಯಾಳ ಬರುತ್ತದೆ. “ಚೇಚಿ, ನೀವು?”

“ಬಟ್ಟೆ ತರೋಕೆ ಹೋಗಿದ್ದೆ. ಪೊಲೀಸಪ್ಪನಿಗೆ ಹೇಳಿದ್ದೆ,” ಎಂದೆ.

ಹೇಳಿರಲಿಲ್ಲ. ಆಗಷ್ಟೇ ಒಳಗೆ ಬಂದ ಅವರು ನನ್ನ ಮುಖ ನೋಡಿದರು. ಅಕ್ಕ ಹೇಳಿದ್ದನ್ನು ತಾನೇ ಮರೆತಿರಬೇಕು ಎಂದುಕೊಂಡರೋ ಏನೋ, ಬಾಯಿ ತೆರೆದು ಮುಚ್ಚಿದರು. ಮಧ್ಯಾಹ್ನ ಅವರ ಮೇಲಿನವರು ಬಂದು ವರಾಂಡದಲ್ಲಿ ನಿಲ್ಲಿಸಿ ಎಲ್ಲರೆದುರು ಬೈದರು, ವಿವರಣೆ ಬರೆದುಕೊಡಲು ಹೇಳಿದರು. ಆಮೇಲೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ತಮಾಷೆಯೂ ನಿಂತಿತು.

ಮಾರನೇ ದಿನ ಬೆಳಿಗ್ಗೆ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ನನ್ನೆದುರೇ ಪೊಲೀಸಪ್ಪನಿಗೆ ಹೇಳಿದರು. “ಇನ್ನು ಒಂದು ದಿನ, ಹೆಚ್ಚೆಂದ್ರೆ ಎರಡು. ದೊಡ್ಡಾಸ್ಪತ್ರೆಗೆ ಕಳಿಸಿದ್ರೆ ದಾರೀಲೇ ಹೋಗ್ತಾರೆ. ಬೇಡಿ ತೆಗೀಬೇಕು ಅಂತ ಮೊನ್ನೆಯೇ ಬರ್ದಿದ್ದೀನಲ್ಲ?”

“ಕಾಗದ ಮೇಲೆ ಹೋಗಿದೆ ಸಾರ್, ಉತ್ತರ ಬರ್ಲಿಲ್ಲ. ಈಗಾಗ್ಲೇ ಒಂದು ಮೆಮೊ ಸಿಕ್ಕಿದೆ. ನಾನೇ ಪೂರ್ತಿ ಬಿಚ್ಚಿಟ್ರೆ ನನ್ನ ಕೆಲಸ ಹೋಗ್ತದೆ.”

“ಮನೆಯವ್ರು?”

“ಯಾರೂ ಬರ್ಲಿಲ್ಲ ಸಾರ್.”

“ಯಾರಾದ್ರೂ ಬಂದು ಮೊದ್ಲೇ ಸಹಿ ಹಾಕಿದ್ರೆ ಇವ್ರು ಮನೇಲಿ ಇರ್ತಿದ್ರು,” ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ನಾನು ನೆಲ ಒರೆಸುತ್ತಿದ್ದೆ. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಅಣ್ಣನ ಎಡಗೈ ಕಂಬಿಯಿಂದ ಜೋತುಬಿದ್ದಿತ್ತು. ಅಂಗೈ ಮೇಲೆ ಮಾಡಿ ಬೆರಳು ಅರ್ಧ ಮಡಚಿದ್ದ, ಏನನ್ನೋ ಇಟ್ಟುಕೊಂಡವನ ಹಾಗೆ. ದಿನಾ ಬೆಳಿಗ್ಗೆ ಅವ್ವನ ಪಕ್ಕದಲ್ಲಿ ಕೂತು ಅವನು ಹಿಡಿಯುತ್ತಿದ್ದ ರೀತಿ ಅದು. ಅಂಗೈ ಖಾಲಿ ಇತ್ತು.

ನಾನು ಎದ್ದು ಕೈ ತೊಳೆದೆ. ರವಿಕೆಯೊಳಗಿನಿಂದ ನನ್ನ ಕರಡಿಗೆಯ ದಾರ ಎಳೆದು ತಲೆಯ ಮೇಲಿಂದ ತೆಗೆದೆ. ಐದು ವರ್ಷದವಳಿದ್ದಾಗ ಕಟ್ಟಿದ್ದು, ಒಂದು ದಿನವೂ ಕತ್ತಿನಿಂದ ದಾರ ತೆಗೆದಿರಲಿಲ್ಲ. ಕತ್ತು ಒಮ್ಮೆಲೇ ಹಗುರಾಯಿತು. ಆ ಹಗುರಕ್ಕೇ ಹೆದರಿದೆ. ಪೊಲೀಸಪ್ಪನ ಕುರ್ಚಿಯ ಮುಂದೆ ಹೋಗಿ ನಿಂತೆ.

“ಬೇಡಿ ಬಿಚ್ಚಿ,” ಎಂದೆ.

“ಎಂತ ಅಕ್ಕಾ?”

“ನಾನು ಅವ್ನ ತಂಗಿ. ಕಾಗದ ನಂಗೇ ಬಂದಿತ್ತು. ನಿನ್ನೆ ನಾನು ನಿಮ್ಗೆ ಹೇಳಿರ್ಲಿಲ್ಲ. ಸಿಲಿಂಡರ್ ಬಿಟ್ಟು ಬಟ್ಟೆ ಕೋಣೇಲಿ ಅಡಗಿ ಕೂತಿದ್ದೆ. ಬರ್ಕೊಳ್ಳಿ, ಸಹಿ ಹಾಕ್ತೀನಿ. ಈಗ ಬಿಚ್ಚಿ.”

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. “ಮೂಗು ಒಂದೇ ಅಚ್ಚು ಅಂತ ನಾನು ಹೇಳಿದ್ದೆ,” ಎಂದರು. ನಗಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದರು. ಬೇಡಿಗೆ ಹಾಕಿ ತಿರುಗಿಸಿದರು. ಬಳೆ ತೆರೆದಾಗ ಕಂಬಿಗೆ ಬಡಿದ ಸದ್ದಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ನಾನು ಮಾಸ್ಕು ತೆಗೆದೆ.

“ಅಣ್ಣ, ನಾನು ಕಣೋ.”

“ಹೂಂ,” ಎಂದ. ಕಣ್ಣು ತೆರೆಯಲಿಲ್ಲ.

ಕರಡಿಗೆಯನ್ನು ಅಂಗೈಯಲ್ಲಿಟ್ಟೆ. ಅವನ ಹೆಬ್ಬೆರಳು ಮುಚ್ಚಳದ ಮೇಲೆ ಮೆಲ್ಲಗೆ ಹರಿದಾಡಿತು. ಕೀಲು ಹುಡುಕಿತು, ತಾಮ್ರದ ತಂತಿ ಹುಡುಕಿತು. ತಂತಿ ಇರಲಿಲ್ಲ. ಆಗ ಕಣ್ಣು ತೆರೆದು ನನ್ನ ಕತ್ತು ನೋಡಿದ.

“ಇದು ನಿಂದು,” ಎಂದ.

ನಾನು ಅವನದ್ದು ಏನಾಯಿತು ಎಂದು ಹೇಳಲು ಶುರುಮಾಡಿದೆ. ಅವ್ವನ ಗುಂಡಿ ಎಂದೆ, ಮುಂದೆ ಬರಲಿಲ್ಲ. ಅವನು ತಲೆಯಾಡಿಸಿದ. ಸಾಕು ಎಂದನೋ, ಗೊತ್ತು ಎಂದನೋ ತಿಳಿಯಲಿಲ್ಲ. ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

“ಮತ್ತೆ ನಿಂಗೆ?” ಎಂದ.

ಅವನ ಬೆರಳುಗಳನ್ನು ಕರಡಿಗೆಯ ಮೇಲೆ ಮಡಚಿ ನನ್ನ ಕೈ ಮೇಲಿಟ್ಟೆ. ಹನ್ನೆರಡೂವರೆಗೆ, ಊಟದ ಗಾಡಿ ವಾರ್ಡಿಗೆ ಬಂದಾಗ, ಕತ್ತಿನ ನರ ಎದ್ದದ್ದು ಇಳಿಯಿತು, ಮತ್ತೆ ಏಳಲಿಲ್ಲ. ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು. ನರ್ಸಮ್ಮ ಬಂದು ನಿಲ್ಲಿಸಿದಳು. “ಚೇಚಿ,” ಎಂದಳು.

ಕೈದಿ ಸತ್ತರೆ ಹೆಣವನ್ನು ಸುಮ್ಮನೆ ಕೊಡುವುದಿಲ್ಲ. ಮ್ಯಾಜಿಸ್ಟ್ರೇಟರು ಬಂದು ಹೇಳಿಕೆ ಬರೆದುಕೊಂಡರು. ಸಿಲಿಂಡರಿನ ವಿಷಯ ನಾನೇ ಹೇಳಿದೆ. ಹೆಣ ಕೊಯ್ಯುವ ಮೊದಲು ಮೈಮೇಲಿನ ವಸ್ತು ತೆಗೆದು ಪಟ್ಟಿ ಮಾಡಿದರು. ಪಟ್ಟಿಯಲ್ಲಿ ಒಂದೇ ವಸ್ತು. ಸಂಬಂಧ ಎಂಬ ಕಡೆ ‘ತಂಗಿ’ ಎಂದು ಬರೆದು ಕರಡಿಗೆ ವಾಪಸ್ ತೆಗೆದುಕೊಂಡೆ.

ಶವಾಗಾರದ ಹೊರಗೆ ಅವನು ನಿಂತಿದ್ದ. ಪಕ್ಕದ ತೋಟದ ಮಗ. ಕೈಯಲ್ಲಿ ಮಗುವಿನ ಒದ್ದೆ ಬಟ್ಟೆಗಳಿದ್ದವು. ಅವನು ಬಂದದ್ದು ಹೆಂಡತಿಯ ಹೆರಿಗೆಗೆ, ಬೇರೇನಕ್ಕೂ ಅಲ್ಲ. ಸುದ್ದಿ ಈಗ ಮುಟ್ಟಿತ್ತು.

“ಸತ್ನಂತಾ?”

“ಹೂಂ.”

ಅವನು ಬಟ್ಟೆ ಹಿಂಡಿದ. “ಊರಿಗೆ ತರಬೇಡಿ,” ಎಂದ. ಆಗಿನಷ್ಟೇ ಮೆಲ್ಲಗೆ. ಅವನ ಅಪ್ಪನ ವಿಷಯ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ತರುವುದಿಲ್ಲ ಎಂದು ಮಾತ್ರ ಹೇಳಿದೆ.

ಈ ಪೇಟೆಯ ಹೊರಗೆ ನಮ್ಮವರನ್ನು ಮಣ್ಣು ಮಾಡುವ ಜಾಗದಲ್ಲಿ ಅಣ್ಣನನ್ನು ಕೂರಿಸಿದೆವು. ಮಣ್ಣು ಹಾಕಲು ನಾನು, ಒಬ್ಬರು ಅಯ್ಯನವರು, ಗುಂಡಿ ತೋಡಿದವರು, ಯೂನಿಫಾರ್ಮ್ ಇಲ್ಲದೆ ಬಂದ ಪೊಲೀಸಪ್ಪ. ನನ್ನ ಕರಡಿಗೆ ಅವನ ಎಡಗೈಯಲ್ಲಿ ಹೋಯಿತು.

ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಅದು ಸರಿಯೇ. ಬೀಗರಿಗೆ ಗೊತ್ತಾಗಿದೆ, ಮಗಳು ಫೋನು ಮಾಡುವುದು ಕಡಿಮೆಯಾಗಿದೆ. ಬೆಳಿಗ್ಗೆ ಸ್ನಾನವಾದ ಮೇಲೆ ಕೈ ತಾನಾಗಿ ಕತ್ತಿಗೆ ಹೋಗುತ್ತದೆ. ಹೊಸ ಲಿಂಗ ಕಟ್ಟಿಸಿಕೊಳ್ಳಲು ಮಠಕ್ಕೆ ಹೋಗಬೇಕು, ಹಳೆಯದೇನಾಯಿತೆಂದು ಅಲ್ಲಿ ಹೇಳಬೇಕು. ಎರಡು ಸಲ ಮಠದ ಗೇಟಿನವರೆಗೆ ಹೋಗಿ ಬಸ್ಸು ಹತ್ತಿ ವಾಪಸ್ ಬಂದೆ.

ಮೂರನೇ ಸಲ ಒಳಗೆ ಹೋದೆ. ವಯಸ್ಸಾದ ಸ್ವಾಮಿಗಳು ಬಿಸಿಲಿಗೆ ಕೂತಿದ್ದರು. ನನ್ನ ಖಾಲಿ ಕತ್ತು ನೋಡಿ, “ಎಲ್ಲಿ ಹೋಯ್ತಮ್ಮ?” ಎಂದರು.

“ಅಣ್ಣನಿಗೆ ಕೊಟ್ಟೆ.”

“ಅವನದ್ದು?”

ನಾನು ಸೆರಗಿನ ಗಂಟಿಗೆ ಕೈ ಹಾಕಿದೆ. ಅವರು ಪಕ್ಕದ ಚಾಪೆ ತೋರಿಸಿದರು. “ಕೂತ್ಕೊ. ಮೊದಲಿಂದ ಹೇಳು.”

ಕೂತೆ. ಅಕ್ಕಿ ಡಬ್ಬದ ತಳದಲ್ಲಿದ್ದ ಕಾಗದವನ್ನು ಸೆರಗಿನಿಂದ ಬಿಚ್ಚಿ ಅವರ ಮುಂದಿಟ್ಟೆ.